ಹೊನ್ನಾವರ ಬಂದರಿನ ಹತ್ತು ಮಾಳಿಗೆ

ಸರ್ವೇ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನಮ್ಮ ಮನೆ ಜಗಲಿಗೆ ಬಂದು ಕೂರುತ್ತಾರೆ. ಚಹಾ ಮುಗಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ನಿಮ್ಮ ಸರ್ವಿಸಿನಲ್ಲಿ ಮರೆಯಲಾಗದ ಕೆಲಸ ಯಾವುದು? ಹಾವಿನ ಕಥೆಯನ್ನೋ, ಕೋರ್ಟು ಹತ್ತಿದ ಜಾಗದ ಜಗಳವನ್ನೋ ಹೇಳುತ್ತೇನೆಂದು ಕಾಯುತ್ತಾರೆ. ನಾನು ಬಂದರಿನ ಕಟ್ಟಡದ ಮಾತು ತೆಗೆದರೆ ಒಬ್ಬೊಬ್ಬರೇ ಮೇಲೆ ಮಾಡಿನ ಕಡೆ ನೋಡಿ, ಬಸ್ಸಿನ ಹೊತ್ತಾಯಿತು ಎನ್ನುತ್ತಾ ಚಪ್ಪಲಿ ಹುಡುಕುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದುತ್ತಾ ನಡುವೆ ಎದ್ದು ಹೋದರೆ ನನಗೆ ತಿಳಿಯುವುದಿಲ್ಲ, ಬೇಸರವೂ ಆಗುವುದಿಲ್ಲ.

ಬಡ್ತಿಯ ವಿಷಯ ಬಿಟ್ಟುಬಿಡಿ. ಕುಮಟೆಯ ಒಬ್ಬ ಖಾಸಗಿ ಎಂಜಿನಿಯರರ ಕಚೇರಿಗೆ ಸರ್ವೇಯರ್ ಆಗಿ ಸೇರಿದೆ, ಸರ್ವೇಯರ್ ಆಗಿಯೇ ಹೊರಬಂದೆ. ನಡುವೆ ಬದಲಾದದ್ದು ಕೊಡೆ ಮತ್ತು ಕನ್ನಡಕ ಮಾತ್ರ. ಎಂಜಿನಿಯರರನ್ನು ನಾವು ಶಾನಭಾಗ ಸಾಹೇಬರು ಎನ್ನುತ್ತಿದ್ದೆವು. ಸಿಟ್ಟು ಮೂಗಿನ ತುದಿಯಲ್ಲಿ, ಆದರೆ ಊಟದ ಹೊತ್ತಿಗೆ ಎಲ್ಲ ಮರೆತು ತಮ್ಮ ಡಬ್ಬಿಯ ಅರ್ಧ ನಮ್ಮ ಕಡೆ ತಳ್ಳುವ ಮನುಷ್ಯ. ಅವರು ನನಗೆ ಕಲಿಸಿದ ಪಾಠ ಒಂದೇ. "ಗೂಟ ಹೊಡೆಯೋ ಮುಂಚೆ ಇನ್ನೊಮ್ಮೆ ನೋಡು ಮಾರಾಯಾ. ಹೊಡೆದ ಮೇಲೆ ಅದು ಮೊದಲಿನ ಜಾಗ ಅಲ್ಲ." ಆಗ ನಾನು ಇದನ್ನು ಅಳತೆಯ ಮಾತು ಎಂದುಕೊಂಡಿದ್ದೆ.

ಆಗಿನ ಉಪಕರಣಗಳ ಬಗ್ಗೆ ಈಗಿನವರಿಗೆ ಹೇಳಿದರೆ ನಗುತ್ತಾರೆ. ಕಬ್ಬಿಣದ ಸರಪಳಿ ಬೆಳಿಗ್ಗೆ ಒಂದು ಉದ್ದ, ಮಧ್ಯಾಹ್ನದ ಬಿಸಿಲಿಗೆ ಇನ್ನೊಂದು ಉದ್ದ. ಥಿಯೋಡೊಲೈಟಿನ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗು. ತೆಂಗಿನಮರದ ಗರಿ ಕೆಳಗೆ, ಬುಡ ಮೇಲೆ, ಅಳತೆಗೋಲು ಹಿಡಿದ ಮನುಷ್ಯ ಆಕಾಶದಿಂದ ಜೋತುಬಿದ್ದಂತೆ. ಅಭ್ಯಾಸವಾದ ಮೇಲೆ ಕಣ್ಣು ತಾನೇ ತಿರುಗಿಸಿಕೊಳ್ಳುತ್ತದೆ. ಅಭ್ಯಾಸವಾಗುವ ಮೊದಲು ನಾನೊಮ್ಮೆ ಕೋಲಿನ ಮೇಲಿನ ಆರನ್ನು ಒಂಬತ್ತು ಎಂದು ಓದಿದೆ. ಕುಮಟೆಯ ಒಂದು ಕಿರಾಣಿ ಅಂಗಡಿಯ ನೆಲ ರಸ್ತೆಗಿಂತ ತಗ್ಗಾಗಿ, ಮೊದಲ ಮಳೆಗೇ ಒಳಗಿದ್ದ ಸಕ್ಕರೆ ಮೂಟೆಗಳೆಲ್ಲ ಪಾಕವಾದವು. ಅಂಗಡಿಯವರು ಒಳ್ಳೆಯವರು. ಮುಂದೆ ನಾನು ಆ ದಾರಿಯಲ್ಲಿ ಹೋದಾಗಲೆಲ್ಲ, "ಬನ್ನಿ ಸರ್ವೇರ್ರೆ, ಗಟಾರದ ನೀರು ತಂದ್ರೆ ಸಾಕು, ಚಾ ಸಿಹಿ ಇರ್ತದೆ" ಎಂದು ಕರೆಯುತ್ತಿದ್ದರು.

ಕಾಯ್ಕಿಣಿಯ ಕೆಲಸ ಮಾತ್ರ ನಗೆಯದ್ದಲ್ಲ. ಎಪ್ಪತ್ತರ ದಶಕದಲ್ಲಿ ಅಲ್ಲಿನ ಗದ್ದೆಬಯಲಿಗೆ ಒಂದು ಕಾಲುವೆ ತರುವ ಯೋಜನೆ ಇತ್ತು. ನಾನು ಹೋಗಿ ಬಯಲಿನ ಉದ್ದಕ್ಕೂ ಎರಡು ಸಾಲು ಕೆಂಪು ಗೂಟ ಹೊಡೆದು ಬಂದೆ. ಕಾಲುವೆ ಬರಲಿಲ್ಲ. ಗೂಟಗಳನ್ನು ಗೆದ್ದಲು ತಿಂದಿತು, ಉಳಿದದ್ದು ಒಲೆಗೆ ಹೋಯಿತು. ಕೆಲವು ವರ್ಷ ಬಿಟ್ಟು ಬೇರೇನೋ ಕೆಲಸಕ್ಕೆ ಹೋದಾಗ ನಾಟಿ ನಡೆಯುತ್ತಿತ್ತು. ಹೆಂಗಸರು ಹಾಡು ಹೇಳುತ್ತಾ ಸಸಿಕಟ್ಟು ಹೊತ್ತು ಗದ್ದೆ ದಾಟುತ್ತಿದ್ದರು. ನನ್ನ ಗೂಟಗಳ ಸಾಲು ಇದ್ದ ಕಡೆ ಬಂದಾಗ ಒಬ್ಬೊಬ್ಬರೂ ಹಾಡು ನಿಲ್ಲಿಸಿ, ಸೀರೆ ಮೊಣಕಾಲಿಗೆ ಎತ್ತಿ, ಉದ್ದ ಹೆಜ್ಜೆ ಇಟ್ಟು, ಆಚೆ ಹೋಗಿ ಮತ್ತೆ ಹಾಡು ಎತ್ತಿಕೊಳ್ಳುತ್ತಿದ್ದರು. ಅಲ್ಲಿ ದಾಟುವಂಥದ್ದು ಏನೂ ಇರಲಿಲ್ಲ. ಒಬ್ಬ ಮುದುಕಿಯನ್ನು ಕೇಳಿದೆ. "ಎಂತ ಹೇಳಿ ಕೇಳ್ತ್ರಿ? ಕಾಲುವೆ ಅಲ್ದಾ?" ಎಂದಳು. ಅವಳ ಸೀರೆಯ ಅಂಚು ಒದ್ದೆಯಾಗಿತ್ತು. ನಾಟಿಗದ್ದೆಯಲ್ಲಿ ಯಾರ ಸೀರೆ ಒದ್ದೆಯಿರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಸ್ಸು ಹತ್ತಿದೆ.

ಈಗ ಕಟ್ಟಡ.

ಎಂಬತ್ತರ ದಶಕ ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ. ಭಟ್ಕಳದ ಒಬ್ಬ ಸಾಹುಕಾರರು ನಮ್ಮ ಕಚೇರಿಗೆ ಬಂದರು. ಬಿಳಿ ಜುಬ್ಬಾ, ಬಿಳಿ ಟೋಪಿ, ಅತ್ತರಿನ ವಾಸನೆ, ಬಹಳ ಮೆತ್ತಗಿನ ಮಾತು. ಮುಂಬಯಿಯಲ್ಲಿ ಅವರ ವ್ಯಾಪಾರ ಇತ್ತು. ಹೊನ್ನಾವರ ಬಂದರಿನ ದಂಡೆಯಲ್ಲಿ ಹತ್ತು ಮಾಳಿಗೆಯ ಕಟ್ಟಡ ಕಟ್ಟಬೇಕು ಎಂದರು. ಕೆಳಗೆ ಅಂಗಡಿಗಳು, ಅದರ ಮೇಲೆ ಬ್ಯಾಂಕು, ಕಚೇರಿ, ನಡುವೆ ಲಾಡ್ಜು, ಮೇಲಿನ ಮಾಳಿಗೆಗಳಲ್ಲಿ ಸಂಸಾರಗಳು ಇರಲು ಮನೆಗಳು. ಆಗ ಇಡೀ ತಾಲೂಕಿನಲ್ಲಿ ಮೂರನೆಯ ಮಾಳಿಗೆ ಎಂಬುದೇ ಅಪರೂಪ. ಸಾಹೇಬರು ಪೆನ್ಸಿಲ್ ಕೆಳಗಿಟ್ಟು, "ಇಷ್ಟು ಎತ್ತರ ಯಾಕೆ ಬೇಕು ಸಾಹುಕಾರರೇ?" ಎಂದು ಕೇಳಿದರು.

"ದೇಖೋ ಶಾನಭಾಗ್ ಸಾಬ್," ಎಂದರು ಅವರು. "ನಮ್ಮ ಅಜ್ಜಂದು ಮಚವೆ ಇತ್ತು, ದೊಡ್ಡ ಹಾಯಿದೋಣಿ. ಅಕ್ಕಿ, ಹೆಂಚು ಎಲ್ಲ ಹೇರಿಕೊಂಡು ಈ ಅಳಿವೆಗೆ ಬರುವಾಗ ಮಂಜು. ದಂಡೆ ಮೇಲೆ ನೋಡ್ಲಿಕ್ಕೆ ಏನೂ ಇಲ್ಲ. ಮಚವೆ ಮರಳಿಗೆ ಬಡೀತು, ಅಜ್ಜ ಬರಲಿಲ್ಲ. ಹೊರಗಿಂದ ಬರೋನಿಗೆ ಊರು ದೂರದಿಂದ ಕಾಣಬೇಕು. ಅಷ್ಟೇ ನನ್ನ ಆಸೆ."

ಶರಾವತಿ ಸಮುದ್ರ ಸೇರುವ ಬಾಯಿಗೆ ನಾವು ಅಳಿವೆ ಎನ್ನುತ್ತೇವೆ. ಉತ್ತರಕ್ಕೆ ಹೊನ್ನಾವರ, ದಕ್ಷಿಣಕ್ಕೆ ಕಾಸರಕೋಡ, ನಡುವೆ ನೀರಿನಡಿ ಮರಳು. ಆ ಮರಳಿನ ಮಧ್ಯೆ ದೋಣಿ ಹೋಗುವಷ್ಟು ಆಳದ ದಾರಿ ಒಂದೇ. ಅದು ಗೊತ್ತಿಲ್ಲದವರ ದೋಣಿ ಒಡೆಯುತ್ತದೆ.

ನಕ್ಷೆ ನಾನೇ ಬರೆದೆ. ತುತ್ತತುದಿಯ ಮನೆಯನ್ನು ಸಾಹುಕಾರರು ತಮಗೇ ಇಟ್ಟುಕೊಂಡರು. ಅದಕ್ಕೆ ಪಶ್ಚಿಮಕ್ಕೆ, ಸಮುದ್ರದ ಕಡೆ, ಒಂದು ದೊಡ್ಡ ಕಿಟಕಿ ಬೇಕೆಂದರು. ಮಳೆಗಾಲದಲ್ಲಿ ಎರಚಲು ಹೊಡೆದು ಹಾಸಿಗೆ ತೊಯ್ಯುತ್ತದೆ ಎಂದು ಸಾಹೇಬರು ಕೂಗಾಡಿದರು. ಸಾಹುಕಾರರು ನಕ್ಕು, "ತೊಯ್ಯಲಿ" ಎಂದರು. ಕಿಟಕಿ ಬರೆದೆ.

ನಕ್ಷೆ ನೋಡಿ ಅವರಿಗೆ ತೃಪ್ತಿಯಾಗಲಿಲ್ಲ. ಸಮುದ್ರದಲ್ಲಿ ನಿಂತು ನೋಡಿದರೆ ಕಟ್ಟಡ ಎಷ್ಟು ಎತ್ತರ ಕಾಣುತ್ತದೆ ಎಂದು ಕಣ್ಣಾರೆ ನೋಡಬೇಕಂತೆ. ಅಷ್ಟು ಎತ್ತರದ ಕಂಬ ನಿಲ್ಲಿಸಿ ತೋರಿಸುವುದೆಂದು ನಿಶ್ಚಯವಾಯಿತು. ಅದನ್ನು ನಿಲ್ಲಿಸಬಲ್ಲವರು ಹಾಯಿಕಂಬ ನಿಲ್ಲಿಸುವ ಜನ ಮಾತ್ರ. ಹಾಗೆ ನನಗೆ ಕಾಸರಕೋಡದ ಜಟ್ಟಪ್ಪನ ಪರಿಚಯವಾಯಿತು. ಜಟ್ಟಪ್ಪ ತಾಂಡೇಲ, ಅಂದರೆ ದೋಣಿಯ ಯಜಮಾನಿಕೆ ಮಾಡುವವ. ನನಗಿಂತ ಹಿರಿಯ, ಆದರೂ ಸಲುಗೆಯಿಂದ ಏಕವಚನವೇ ಬರೆಯುತ್ತಿದ್ದೇನೆ. ಅವನೂ ಅವನ ಜನವೂ ಸುರಹೊನ್ನೆಯ ಮರಗಳನ್ನು ಒಂದಕ್ಕೊಂದು ಬೆಸೆದು, ನಾಲ್ಕು ದಿಕ್ಕಿಗೆ ಹಗ್ಗ ಬಿಗಿದು ಕಂಬ ಎಬ್ಬಿಸಿದರು. ಒಂದೊಂದು ಮಾಳಿಗೆಯ ಎತ್ತರಕ್ಕೆ ಒಂದೊಂದು ಸುಣ್ಣ ಬಳಿದ ಹಲಗೆ ಕಟ್ಟಿಸಿದೆ. ಸಾಹುಕಾರರು ಜಟ್ಟಪ್ಪನ ದೋಣಿಯಲ್ಲಿ ಅಳಿವೆಯ ಹೊರಗೆ ಹೋಗಿ ನೋಡಿ ಬಂದರು. ಇಳಿದವರೇ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತರು.

ಜಟ್ಟಪ್ಪನಿಗೆ ಮಾತ್ರ ಬೇರೆಯೇ ಖುಷಿ. "ಸರ್ವೇರ್ರೆ, ಇದು ನಮ್ಗೆ ಆತು" ಎಂದ.

"ಎಂತಕ್ಕೆ ಆತು ತಾಂಡೇಲ್ರೇ?"

"ಗುರುತಿಗೆ. ಬಂದರಿನ ತಾಳೆಮರ ಬಿದ್ದಾಗಿಂದ ಅಳಿವೆ ಹೊಗೂಕೆ ಗುರುತೇ ಇಲ್ಲ."

ಗುರುತು ಎಂದರೆ ಹೀಗೆ: ದಂಡೆಯ ಮೇಲಿನ ಒಂದು ವಸ್ತು, ಅದರ ಹಿಂದೆ ದೂರದ ಇನ್ನೊಂದು. ಸಮುದ್ರದಿಂದ ನೋಡುವಾಗ ಎರಡೂ ಒಂದೇ ಗೆರೆಗೆ ಬಂದರೆ ದೋಣಿ ಆಳದ ದಾರಿಯಲ್ಲಿದೆ ಎಂದರ್ಥ. ದೂರದ ಗುರುತು ಪೂರ್ವದ ಎರಡು ಗುಡ್ಡಗಳ ನಡುವಿನ ತಗ್ಗು. ಹತ್ತಿರದ್ದು ಮೊದಲು ತಾಳೆಮರ, ಈಗ ನನ್ನ ಕಂಬ. ಜಟ್ಟಪ್ಪ ಕಂಬದ ಬುಡದಲ್ಲಿ ತೆಂಗಿನಕಾಯಿ ಒಡೆದು, ನೀರನ್ನು ಸುತ್ತ ಚೆಲ್ಲಿದ. ಅವನ ದೋಣಿಯ ಪದ್ಧತಿ ಅದು. ಕಾಯಿ ಒಡೆದ ಮೇಲೆ ಗುರುತು ಕಡಲಿನವರದ್ದು, ನೆಲದವರದ್ದಲ್ಲ. "ಇನ್ನು ಇದನ್ನ ತೆಗೂದಾದ್ರೆ ನಮ್ಮ ಕೇಳ್ಬೇಕು" ಎಂದು ನಗುತ್ತಲೇ ಹೇಳಿದ. ನಾನೂ ನಗುತ್ತಲೇ ಒಪ್ಪಿದೆ.

ಆ ಬೇಸಿಗೆ ಪೂರ್ತಿ ದೋಣಿಗಳು ನನ್ನ ಕಂಬ ನೋಡಿ ಒಳಗೆ ಬಂದವು. ಅದೇ ಬೇಸಿಗೆಯಲ್ಲಿ ಜಟ್ಟಪ್ಪನಿಗೂ ಅವನ ಮಗ ಗಣಪತಿಗೂ ಜಗಳವಾಯಿತು. ಗಣಪತಿಗೆ ಹಾಯಿದೋಣಿ ಸಾಕಾಗಿತ್ತು. ಇಂಜಿನ್ ದೋಣಿ ಬೇಕು ಎನ್ನುತ್ತಿದ್ದ. ಅಪ್ಪನಿಗೆ ಇಂಜಿನ್ ಸದ್ದೇ ಆಗದು. ಮಾತಿಗೆ ಮಾತು ಬೆಳೆದು ಮಗ ಮಲ್ಪೆಗೆ ಹೊರಟುಹೋದ. ಅಪ್ಪ ಮಗ ಇಬ್ಬರೂ ಹಟಮಾರಿಗಳು. ಒಂದು ಕಾಗದವಿಲ್ಲ, ಹೋಗಿ ಬರುವವರ ಬಾಯಲ್ಲಿ ಒಂದು ಮಾತಿಲ್ಲ.

ಮಳೆಗಾಲಕ್ಕೆ ಮುಂಚೆ ಮುಂಬಯಿಯಿಂದ ಸುದ್ದಿ ಬಂತು. ಸಾಹುಕಾರರು ತೀರಿಕೊಂಡಿದ್ದರು. ಪಾಲುದಾರರಿಗೆ ಕಟ್ಟಡ ಬೇಡವಾಗಿತ್ತು. ಜಾಗ ತೆರವು ಮಾಡಿ, ಕಂಬ ಇಳಿಸು ಎಂದರು ಸಾಹೇಬರು. ದೋಣಿಗಳನ್ನೆಲ್ಲ ದಡಕ್ಕೆ ಎಳೆದಾಗಿತ್ತು, ಆದ್ದರಿಂದ ಯಾರಿಗೂ ಅಪಾಯವಿರಲಿಲ್ಲ. ಆದರೂ ಕೊಟ್ಟ ಮಾತಿನಂತೆ ಜಟ್ಟಪ್ಪನನ್ನು ಕೇಳಲು ಕಾಸರಕೋಡಕ್ಕೆ ಹೋದೆ. ಅವನು ಬಲೆ ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ.

"ಕಂಬ ಇಳಿಸ್ತ್ರಿ, ಆತು. ಕಟ್ಟಡ ಹೆಂಗೆ ಇಳಿಸ್ತ್ರಿ?"

"ಕಟ್ಟಡ ಎಲ್ಲಿದೆ ತಾಂಡೇಲ್ರೇ? ಕಟ್ಟಲೇ ಇಲ್ವಲ್ಲ."

"ನೀವು ನೆಲದಿಂದ ನೋಡ್ತ್ರಿ" ಎಂದಷ್ಟೇ ಹೇಳಿ ಮುಂದಿನ ಗಂಟಿಗೆ ಕೈ ಹಾಕಿದ. ಕಂಬ ಇಳಿಸುವಾಗ ಕಾಸರಕೋಡದವರು ಒಬ್ಬರೂ ಬರಲಿಲ್ಲ. ಗುಂಡಿಗೆ ಮಣ್ಣು ತುಂಬಿಸಿ ಬಂದೆ.

ಆ ಮಳೆಗಾಲದ ನೆರೆ ಜೋರಾಗಿತ್ತು. ಅಳಿವೆಯ ಮರಳು ಜಾಗ ಬದಲಿಸಿತು. ಮಳೆ ಮುಗಿದ ಮೇಲೆ ಅಳಿವೆಯ ಆಳ ಅಳೆಯುವ ಕೆಲಸ ನಮ್ಮ ಕಚೇರಿಗೆ ಸಿಕ್ಕಿತು. ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ನೀರಿಗೆ ಇಳಿಸುತ್ತಾ ದಿನವೂ ದೋಣಿಯಲ್ಲಿ ಅಲೆದೆ. ದೋಣಿ ಹೋಗುವ ದಾರಿ ಉತ್ತರಕ್ಕೆ ಸರಿದಿತ್ತು, ಸ್ವಲ್ಪವಲ್ಲ. ಕಂಬ ಇದ್ದಿದ್ದರೂ, ಅದನ್ನು ಗುಡ್ಡದ ತಗ್ಗಿಗೆ ಹಿಡಿದು ಬಂದವನ ದೋಣಿ ನೇರ ಮರಳಿಗೆ ಹೋಗುತ್ತಿತ್ತು. ಕಾಸರಕೋಡದವರಿಗೆ ಇದು ಗೊತ್ತಾಗಿತ್ತು. ಅವರು ಹಗಲು ಬೆಳಕಿನಲ್ಲಿ ನೀರಿನ ಬಣ್ಣ ನೋಡಿಕೊಂಡು ನಿಧಾನ ಬರುತ್ತಿದ್ದರು.

ಮಾರ್ಗಶಿರದ ಚಳಿ ಬಿದ್ದ ಒಂದು ಬೆಳಿಗ್ಗೆ ಕಾಸರಕೋಡದ ದಡಕ್ಕೆ ಹೋದರೆ ಮಂಜು. ನದಿ ಇಲ್ಲ, ಕಡಲಿಲ್ಲ, ಪಕ್ಕದ ಮನುಷ್ಯನ ಸೊಂಟದಿಂದ ಕೆಳಗೂ ಇಲ್ಲ. ಅಳತೆ ಸಾಧ್ಯವಿರಲಿಲ್ಲ. ನೀರಿನಂಚಿನಲ್ಲಿ ಜಟ್ಟಪ್ಪ ನಿಂತಿದ್ದ, ಕಾಲಿಗೆ ಅಲೆ ಬಡಿಯುತ್ತಿದ್ದರೂ ಹಿಂದೆ ಸರಿಯದೆ.

"ಎಂತಾಯ್ತು ತಾಂಡೇಲ್ರೇ?"

"ಗಣಪತಿ ಬರ್ತಿದ್ದ. ಮಲ್ಪೆಯಿಂದ ಇಂಜಿನ್ ದೋಣಿ ತಗಂಡು. ಬಸ್ಸಿನವರ ಹತ್ರ ಹೇಳಿ ಕಳ್ಸಿದ್ದ, ಇವತ್ತು ಬೆಳಿಗ್ಗೆ ಮುಟ್ತೆ ಹೇಳಿ." ಕಣ್ಣು ಮಂಜಿನಲ್ಲೇ ಇಟ್ಟು ಅಂದ, "ಅವ್ನಿಗೆ ಗೊತ್ತಿಲ್ಲ ಸರ್ವೇರ್ರೆ. ಕಂಬ ಹೋದದ್ದು ಗೊತ್ತಿಲ್ಲ, ಅಳಿವೆ ಸರಿದದ್ದೂ ಗೊತ್ತಿಲ್ಲ. ನಾ ಹೇಳಿ ಕಳ್ಸಲಿಲ್ಲ. ಅವ ಮೊದ್ಲು ಮಾತಾಡ್ಲಿ ಹೇಳಿ ಕೂತೆ."

ದೋಣಿಯಲ್ಲಿ ಗಣಪತಿಯ ಜೊತೆ ಇನ್ನೂ ನಾಲ್ಕೈದು ಜನ ಇದ್ದರು. ಅವರ ಮನೆಯವರೆಲ್ಲ ದಡಕ್ಕೆ ಬಂದರು. ಸೀಮೆಎಣ್ಣೆ ಡಬ್ಬಿ ಬಡಿದರು, ಕೂಗಿದರು. ಮಂಜಿನಲ್ಲಿ ಸದ್ದು ಎಲ್ಲಿಂದ ಬರುತ್ತದೆಂದು ತಿಳಿಯುವುದಿಲ್ಲ. ನಾವು ಬಡಿದ ಡಬ್ಬಿ ನಮಗೇ ನದಿಯ ಆಚೆಯಿಂದ ಕೇಳುತ್ತಿತ್ತು. ಆಮೇಲೆ ಇಂಜಿನ್ ಸದ್ದು ಕೇಳಿತು. ದೂರ, ಹತ್ತಿರ, ಮತ್ತೆ ದೂರ. ಜಟ್ಟಪ್ಪನ ಹೆಂಡತಿ ಡಬ್ಬಿ ಬಡಿಯುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿದಳು. ನಾವೆಲ್ಲ ಮರಳಿಗೆ ತಗಲುವ ಸದ್ದಿಗೆ ಕಾದೆವು. ಆ ಸದ್ದು ಬರಲಿಲ್ಲ. ನದಿಯೊಳಗಿಂದ, ನಮ್ಮ ಹಿಂಬದಿಯಿಂದ ಎಂಬಂತೆ ಇಂಜಿನ್ ಸದ್ದು ಬಂದು, ಮಂಜಿನಿಂದ ದೋಣಿಯ ಮೂತಿ ಹೊರಗೆ ಚಾಚಿತು. ದೋಣಿ ಹೊಸ ದಾರಿಯ ನಟ್ಟನಡುವೆ ಹಾದು ಬಂದಿತ್ತು.

ಜಟ್ಟಪ್ಪ ಮಗ ಎಸೆದ ಹಗ್ಗವನ್ನು ತಾನೇ ಹಿಡಿದು ತಾನೇ ಕಟ್ಟಿದ. ಗಂಟು ಎರಡು ಸಲ ಜಾರಿತು.

ನಾನು ತಡೆಯಲಾರದೆ ಕೇಳಿದೆ: "ಹೆಂಗೆ ಬಂದೆ ಗಣಪತಿ, ಈ ಮಂಜಿನಲ್ಲಿ?"

"ಎಂತ ಕಷ್ಟ ಸರ್ವೇರ್ರೆ? ಮಂಜು ಕೆಳಗಷ್ಟೇ ಇತ್ತು. ಮೇಲೆ ಗುಡ್ಡ ಕಾಣ್ತಿತ್ತು, ನಿಮ್ಮ ಕಟ್ಟಡ ಕಾಣ್ತಿತ್ತು. ಎರಡನ್ನೂ ಹಿಡ್ಕಂಡು ಬಂದೆ." ಅವನು ಟವೆಲಿನಿಂದ ಮುಖ ಒರೆಸಿಕೊಂಡು ಸಂತೋಷದಿಂದ ಹೇಳಿದ, "ಬೇಗ ಕಟ್ಟಿ ಮುಗ್ಸಿದ್ರಿ ಮಾರಾಯ್ರೆ! ಜನ ಬಂದು ಉಳಕಂಡೂ ಆತು. ಬಟ್ಟೆ ಒಣ ಹಾಕಿದ್ರು. ತುದಿ ಮಾಳಿಗೆಯಲ್ಲಿ ಈ ಚಳಿಗೂ ದೊಡ್ಡ ಕಿಟಕಿ ತೆಗೆದಿಟ್ಟಿದ್ರು."

ಕಿಟಕಿಯ ಮಾತು ಗೊತ್ತಿದ್ದವರು ಸಾಹೇಬರು, ನಾನು, ತೀರಿಹೋದ ಸಾಹುಕಾರರು. ಕಂಬಕ್ಕೆ ಕಟ್ಟಿದ್ದು ಬರೇ ಹಲಗೆ. ನಾನು ಬಾಯಿ ತೆರೆಯುವಷ್ಟರಲ್ಲಿ ಜಟ್ಟಪ್ಪ ನನ್ನ ತೋಳು ಹಿಡಿದು ಆಚೆ ಕರೆದೊಯ್ದ.

"ಅವ್ನಿಗೆ ಹೇಳೂದ್ ಬೇಡ" ಎಂದ. "ಅದು ಎಲ್ಲಿ ನಿಂತದೆ ಹೇಳಿ ನೋಡ್ಕೊಡ್ತ್ರಾ?"

ಇದು ಸರ್ವೇಯರ್‌ನನ್ನು ಕೇಳುವ ಪ್ರಶ್ನೆಯೇ? ಆದರೆ ಲೆಕ್ಕ ನೋಡಿದರೆ ಪ್ರಶ್ನೆ ಸರಿಯಾಗಿಯೇ ಇತ್ತು. ದೋಣಿ ಬಂದ ದಾರಿ ಗೊತ್ತು, ಗುಡ್ಡದ ತಗ್ಗು ಗೊತ್ತು. ಎರಡರ ನಡುವಿನ ಗೆರೆ ಹೊನ್ನಾವರದ ದಂಡೆಯನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಗಣಪತಿ ಕಂಡದ್ದು ನಿಂತಿರಬೇಕು. ಮಂಜು ಹರಿದ ಮೇಲೆ ಹೊಸ ದಾರಿಯ ನಡುವೆ ಬಾವುಟ ಕಟ್ಟಿದ ದೋಣಿಯೊಂದನ್ನು ಲಂಗರು ಹಾಕಿಸಿ, ದಂಡೆಯಲ್ಲಿ ಥಿಯೋಡೊಲೈಟ್ ಹಿಡಿದು ಅತ್ತಿತ್ತ ಸರಿದು ಗೆರೆ ಹಿಡಿದೆ. ಕಂಬದ ಗುಂಡಿ ಇದ್ದದ್ದು ದಕ್ಷಿಣಕ್ಕೆ ಹಿಂದೆಯೇ ಉಳಿಯಿತು. ಗೆರೆ ಸಿಕ್ಕಿದ್ದು ಕೇದಿಗೆ ಪೊದೆಯ ಪಕ್ಕದ ಬರಿ ನೆಲದಲ್ಲಿ. ಸ್ವಲ್ಪ ದೂರ ಹೋಗಿ ದುರ್ಬೀನನ್ನು ಆ ಜಾಗದ ಮೇಲೆ ಎತ್ತಿ ನೋಡಿದೆ. ಆಕಾಶ ಕೆಳಗೆ, ನೆಲ ಮೇಲೆ, ನಡುವೆ ಏನೂ ಇಲ್ಲ. ಏನೂ ಇಲ್ಲದ್ದನ್ನು ಅಷ್ಟು ಹೊತ್ತು ನಾನು ಹಿಂದೆಂದೂ ನೋಡಿರಲಿಲ್ಲ. ಗೂಟ ಹೊಡೆದೆ. ಜಟ್ಟಪ್ಪ ಕಾಯಿ ಒಡೆದ.

ಆಮೇಲಿಂದ ಅದೇ ರೂಢಿಯಾಯಿತು. ಪ್ರತಿ ವರ್ಷ ಶ್ರಾವಣದ ನೂಲಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟು, ಮಳೆ ಪೂರ್ತಿ ನಿಂತ ಮೇಲೆ ಜಟ್ಟಪ್ಪ ಇನ್ನೊಂದು ಕಾಯಿ ಹಿಡಿದು ನನ್ನ ಹತ್ತಿರ ಬರುತ್ತಿದ್ದ. "ಈ ವರ್ಷ ಎಲ್ಲಿ ಬಂತು ಸರ್ವೇರ್ರೆ?" ಅಳಿವೆ ಪ್ರತಿ ಮಳೆಗಾಲ ಒಂದಿಷ್ಟು ಉತ್ತರಕ್ಕೆ ಸರಿಯುತ್ತಿತ್ತು, ನಾನು ಆಳ ಅಳೆದು, ಗೆರೆ ಹಿಡಿದು, ಗೂಟ ಹೊಡೆಯುತ್ತಿದ್ದೆ. ಶಾನಭಾಗ ಸಾಹೇಬರಿಗೆ ಇದು ಗೊತ್ತಿತ್ತೆಂದು ಕಾಣುತ್ತದೆ. ಒಮ್ಮೆ ಮಾತ್ರ, ಎತ್ತಲೋ ನೋಡುತ್ತಾ, "ಕಿಟಕಿಗೆ ಒಂದು ಸಜ್ಜಾ ಆದ್ರೂ ಹಾಕಬೇಕಿತ್ತು" ಎಂದರು. ಬೈಗುಳವಿಲ್ಲದ ಅವರ ಮಾತು ನನಗೆ ನೆನಪಿರುವುದು ಅದೊಂದೇ.

ಗಣಪತಿಗೆ ಸತ್ಯ ಗೊತ್ತಾಗಲು ಎಷ್ಟು ದಿನ ಬೇಕು? ಮಂಜು ಇಲ್ಲದ ಮರುದಿನವೇ ಗೊತ್ತಾಯಿತು. ಅವನು ಹೆದರಿದನೋ ಇಲ್ಲವೋ ಹೇಳಲಿಲ್ಲ. ಅಪ್ಪನ ಜೊತೆ ಮಾತಾಡಲು ಶುರು ಮಾಡಿದ. ಅವರಿಬ್ಬರಿಗೂ ಮಾತಾಡಲು ಒಂದು ವಿಷಯ ಸಿಕ್ಕಿತ್ತು. ಬೇರೆ ದೋಣಿಯವರು ಕೇಳಿದರೆ ಇಬ್ಬರೂ ಹಾರಿಕೆಯ ಉತ್ತರ ಕೊಡುತ್ತಿದ್ದರು. ಆದರೆ ಮಂಜು ಬಿದ್ದ ಬೆಳಿಗ್ಗೆ ಆ ದೋಣಿಗಳೆಲ್ಲ ಗಣಪತಿಯ ಹಿಂದೆ ಸಾಲಾಗಿ ಬರುತ್ತಿದ್ದವು. ಆ ವರ್ಷಗಳಲ್ಲಿ ಅವನ ಹಿಂದೆ ಬಂದ ದೋಣಿ ಒಂದೂ ಮರಳಿಗೆ ಬಡಿಯಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಉಳಿದದ್ದನ್ನು ನಾನು ಕಂಡಿಲ್ಲ, ಕಂಡೆ ಎಂದು ಹೇಳುವುದೂ ಇಲ್ಲ.

ಗೂಟಗಳ ಸಾಲು ಎತ್ತ ಹೋಗುತ್ತಿದೆ ಎಂದು ನನ್ನಂಥವನಿಗೆ ಮೊದಲೇ ಹೊಳೆಯಬೇಕಿತ್ತು. ನನ್ನ ಸ್ವಂತ ಮನೆ ಬಂದರಿನ ದಂಡೆಯಲ್ಲೇ, ಉತ್ತರದ ತುದಿಯಲ್ಲಿದೆ. ಈ ಕಂಬದ ಗದ್ದಲಕ್ಕೆ ಎಷ್ಟೋ ಮೊದಲು ಕಟ್ಟಿದ್ದು. ಹೆಂಚಿನ ಮಾಡು, ಒಂದೇ ಅಂತಸ್ತು. ನಾನು ಕೆಲಸ ಬಿಡುವ ಕಡೆಯ ವರ್ಷ ಗೆರೆ ಹಿಡಿಯಲು ಹೋದೆ. ಕಾಲು ಒಂದೊಂದೇ ಹೆಜ್ಜೆ ಸರಿದು ನಮ್ಮ ಬೇಲಿಯ ಒಳಗೆ ಬಂತು, ಅಂಗಳ ದಾಟಿತು, ಜಗಲಿಯ ಮೆಟ್ಟಿಲಿಗೆ ಮುಟ್ಟಿತು. ಬಾವುಟವೂ ತಗ್ಗೂ ಒಂದೇ ಗೆರೆಗೆ ಬಂದವು. ಕೈಯಲ್ಲಿದ್ದ ಗೂಟವನ್ನು ಹೊಡೆಯಲು ಜಾಗವೇ ಇರಲಿಲ್ಲ. ಕೆಳಗೆ ನಾನೇ ಹಾಕಿಸಿದ ಸಿಮೆಂಟು ನೆಲ.

ಜಟ್ಟಪ್ಪ ಅದಕ್ಕೆ ಹಿಂದಿನ ವರ್ಷ ತೀರಿಕೊಂಡಿದ್ದ. ಕಾಯಿ ಹಿಡಿದು ಬಂದವನು ಗಣಪತಿ. ನಾನು ಹೇಳಬೇಕಾಗಲಿಲ್ಲ, ನಾನು ನಿಂತ ಜಾಗ ನೋಡಿದ, ಆಮೇಲೆ ನಿಧಾನವಾಗಿ ತಲೆ ಎತ್ತಿ ಮಾಡಿನ ಮೇಲಿನ ಖಾಲಿ ಆಕಾಶ ನೋಡಿದ. ತಲೆಯ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡು, "ಅಡ್ಡಿಲ್ಲ ಅಲ್ದಾ ಸರ್ವೇರ್ರೆ?" ಎಂದು ಕೇಳಿದ. ಅಡ್ಡಿಯಿಲ್ಲ ಎಂದೆ. ಮೆಟ್ಟಿಲಿಗೆ ಕಾಯಿ ಒಡೆದು ನೀರು ಚೆಲ್ಲಿದ. ನನ್ನ ಹೆಂಡತಿ ಸುಶೀಲೆ ಒಳಗಿಂದ ಬಂದು, ನನ್ನ ರಿಟೈರ್ಮೆಂಟಿಗೆ ಒಡೆದದ್ದು ಎಂದುಕೊಂಡು ಅವನಿಗೆ ಬೆಲ್ಲದ ಚಹಾ ಕೊಟ್ಟಳು.

ಅದೇ ದಿನಗಳಲ್ಲಿ ಬಂದರಿನ ಹೊಸ ಅಳತೆಗೆಂದು ಒಬ್ಬ ಎಳೆಯ ಎಂಜಿನಿಯರ್ ಬಂದಿದ್ದ. ಅವನ ಬಳಿ ಬೆಳಕಿನ ಕಿರಣ ಬಿಟ್ಟು ದೂರ ಅಳೆಯುವ ಯಂತ್ರವಿತ್ತು. ಆ ತುದಿಯಲ್ಲಿ ಒಬ್ಬ ಗಾಜಿನ ಪಟ್ಟಕ ಹಿಡಿದು ನಿಲ್ಲಬೇಕು. ಕಿರಣ ಅದಕ್ಕೆ ತಾಗಿ ವಾಪಸು ಬಂದರಷ್ಟೇ ಅಂಕಿ ಮೂಡುತ್ತದೆ. ಸರಪಳಿ ಎಳೆದು ಬೆನ್ನು ಬಾಗಿದವನಿಗೆ ಅದು ಜಾದೂ. ನೋಡುತ್ತಾ ಅವನ ಪಕ್ಕ ನಿಂತಿದ್ದೆ. ಪಟ್ಟಕದವನು ಇನ್ನೂ ದೋಣಿಯಿಂದ ಇಳಿದಿರಲಿಲ್ಲ. ಎಂಜಿನಿಯರ್ ಯಂತ್ರವನ್ನು ಸುಮ್ಮನೆ ದಂಡೆಯ ಕಡೆ ತಿರುಗಿಸಿ ಗುಂಡಿ ಒತ್ತಿದ. ಅಂಕಿ ಮೂಡಿತು. ಅವನು ಹುಬ್ಬು ಗಂಟಿಕ್ಕಿ ಮತ್ತೆ ಒತ್ತಿದ, ಅದೇ ಅಂಕಿ. "ಮಷೀನ್ ಕೆಟ್ಟಿದೆ ಸರ್. ಅಲ್ಲಿ ಬರೀ ಗಾಳಿ" ಎಂದ. ಯಾವ ಕಡೆ ಗುರಿಯಿತ್ತೆಂದು ಬಗ್ಗಿ ನೋಡಿದೆ. ಈಗಿನ ದುರ್ಬೀನಿನಲ್ಲಿ ಎಲ್ಲ ನೆಟ್ಟಗೆ ಕಾಣುತ್ತದೆ. ನಮ್ಮ ಮನೆಯ ಹೆಂಚು ಕಂಡಿತು. ಗುರಿ ಅದಕ್ಕಿಂತ ಬಹಳ ಮೇಲಿತ್ತು. ದೂರ ಲೆಕ್ಕ ಹಾಕಿದೆ. ನಮ್ಮ ಜಗಲಿಯ ಮುಂಗೋಡೆಗೆ ಸರಿಯಾಗಿ ಹೊಂದಿತು.

ಆಮೇಲೆ ಸುಶೀಲೆ ಒಂದು ದಿನ ಅಕ್ಕಿ ಆರಿಸುತ್ತಾ, "ಮೇಲೆ ಯಾರೋ ಕೊಡಪಾನ ಎಳೆದ ಹಾಂಗೆ ಕೇಳ್ತದಲ್ರಿ" ಎಂದಳು. ಬೆಕ್ಕು ಎಂದೆ. "ಬೆಕ್ಕಿಗೆ ಕೊಡಪಾನ ಎಂತಕ್ಕೆ?" ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು. ಮಧ್ಯಾಹ್ನ ಅಂಗಳದಲ್ಲಿ ಹಪ್ಪಳ ಒಣ ಹಾಕಿದರೆ, ಮೋಡವಿಲ್ಲದಿದ್ದರೂ, ಒಂದಿಷ್ಟು ಹೊತ್ತು ನೆರಳು ಬಿದ್ದು ಹೋಗುತ್ತದೆ. ಅವಳು ಈಗ ಹಪ್ಪಳವನ್ನು ಹಿತ್ತಲಿನಲ್ಲಿ ಒಣಗಿಸುತ್ತಾಳೆ.

ಅಳಿವೆ ಆಮೇಲೆ ಸರಿದಿಲ್ಲ, ಅದೂ ಸರಿದಿಲ್ಲ. ಹೆದರಿಕೆಯಿಲ್ಲವೇ ಎಂದರೆ ಇದೆ. ಸಂಜೆ ಅಂಗಳಕ್ಕೆ ಇಳಿದಾಗ ಬೆನ್ನ ಮೇಲೆ ಏನೋ ಎತ್ತರ ನಿಂತಿದೆ ಎನ್ನಿಸುತ್ತದೆ, ತಿರುಗಿ ನೋಡುವುದಿಲ್ಲ. ಮನೆ ಮಾರಿಬಿಡಿ ಎಂದು ನೀವು ಹೇಳಬಹುದು. ಕೊಂಡವರು ಮಾಡು ಕೀಳುತ್ತಾರೆ, ಮಾಳಿಗೆ ಎಬ್ಬಿಸುತ್ತಾರೆ. ಮೊನ್ನೆ ಒಬ್ಬ ಮೇಸ್ತ್ರಿಯೇ ಬಂದು, "ಗೋಡೆ ಗಟ್ಟಿ ಇದೆ, ಮೇಲೊಂದು ಮಾಳಿಗೆ ಎಬ್ಬಿಸಿ ಬಾಡಿಗೆಗೆ ಕೊಡಿ" ಎಂದ. ನಾನು ಗಣಪತಿಯನ್ನು ನೆನೆದೆ, ಅವನ ಹಿಂದೆ ಸಾಲಾಗಿ ಬರುವ ದೋಣಿಗಳನ್ನು ನೆನೆದೆ. ಮೇಲೆ ಇಟ್ಟಿಗೆ ಏರಿದರೆ ಈಗ ಅಲ್ಲಿರುವುದು ಎಲ್ಲಿಗೆ ಹೋಗಬೇಕು? "ಮೇಲೆ ಜಾಗ ಇಲ್ಲ ಮಾರಾಯಾ" ಎಂದೆ. ಅವನು ಹೆಂಚು ನೋಡಿದ, ನನ್ನನ್ನು ನೋಡಿದ, ಟೇಪು ಸುತ್ತಿಕೊಂಡು ಹೋದ.

ಇವತ್ತು ಬೆಳಿಗ್ಗೆ ಮಂಜಿತ್ತು. ಎದ್ದು ಜಗಲಿಗೆ ಬಂದರೆ ಅಂಗಳದ ತುಳಸಿಕಟ್ಟೆಯೂ ಕಾಣುತ್ತಿರಲಿಲ್ಲ. ಸುಶೀಲೆ ಆಗಲೇ ಎದ್ದು ಬಾಗಿಲಲ್ಲಿ ನಿಂತಿದ್ದಳು. ಕಾಸರಕೋಡದ ದೋಣಿಗಳು ಹೊರಗಿವೆ ಎಂದು ಇಬ್ಬರಿಗೂ ಗೊತ್ತಿತ್ತು. ಅಳಿವೆಯ ಕಡೆ ಕಿವಿಗೊಟ್ಟೆವು. ಮೇಲೆ, ಬಹಳ ಮೇಲೆ, ಒಂದು ಕಿಟಕಿಯ ಅಗುಳಿ ಸರಿದು, ಎರಡೂ ಬಾಗಿಲು ಹಿಂದಕ್ಕೆ ತೆರೆದುಕೊಂಡ ಸದ್ದಾಯಿತು. ಅತ್ತರಿನ ವಾಸನೆ ಬಂತೆಂದು ನಾನು ಹೇಳುವುದಿಲ್ಲ. ಸ್ವಲ್ಪ ಹೊತ್ತಿಗೆ ಅಳಿವೆಯ ಕಡೆಯಿಂದ ಗಣಪತಿಯ ಇಂಜಿನ್, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು.

"ಆತು, ಬಂದ್ರು" ಎಂದು ಸುಶೀಲೆ ಚಹಾಕ್ಕೆ ನೀರಿಡಲು ಒಳಗೆ ಹೋದಳು.